ಡ್ರೈವರ್ ಇಲ್ಲ

ದುರ್ಗಿಗುಡಿಯ ಎರಡನೇ ತಿರುವು. ಗೂಡಂಗಡಿಗಿಂತ ಚೂರು ದೊಡ್ಡದು
ಶಾಹಿಸ್ತಾಳ ರಿಪೇರಿ ಅಂಗಡಿ.
ಡಬ್ಬಿಯ ಪಕ್ಕೆ ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ಹೊಡೆದು ಹೇಳಿದಳು:
'ಅಣ್ಣಾ, ಹಳೇ ವಿಂಡೋಸಿಗೆ ಇನ್ನು ಯಾರೂ ತೇಪೆ ಹಾಕಲ್ಲ,
ಹೊಸದು ನಿಮ್ಮ ಯಂತ್ರವನ್ನ ಒಳಗೇ ಬಿಟ್ಟುಕೊಳ್ಳಲ್ಲ.'
ಅರ್ಥವಾಯಿತು. ಎಫ್‌ಸಿ ಆಗದ ಗಾಡಿ.
ಇಂಜಿನ್ ಗಟ್ಟಿ, ಬಾಡಿ ಗಟ್ಟಿ,
ಕಾಗದ ಮಾತ್ರ ಇಲ್ಲ.

ಹದಿನೇಳು ವರ್ಷ ತೀರ್ಥಹಳ್ಳಿ ರೂಟು.
ಗಾಜನೂರು, ಸಕ್ರೆಬೈಲು, ಮಂಡಗದ್ದೆ,
ಯಾವ ತಿರುವಿನಲ್ಲಿ ಯಾವ ಅಜ್ಜಿ ಕೈ ಅಡ್ಡ ಹಿಡಿಯುತ್ತಾಳೆ
ನಿದ್ದೆಯಲ್ಲೂ ಹೇಳಬಲ್ಲೆ.
ರಾತ್ರಿ ಬಸ್ಸು ನಿಲ್ಲಿಸಿ, ಉಂಡು,
ಮತ್ತೆ ಲಾರಿ ಓಡಿಸುತ್ತೇನೆ, ಪರದೆಯ ಮೇಲೆ,
ಕಂಡರಿಯದ ಜರ್ಮನಿಯಲ್ಲಿ, ರಸ್ತೆಯ ಬಲಬದಿಗೆ.
'ಸಾಕಾಗಲ್ವಾ ನಿಮಗೆ?' ಅಂತಾಳೆ ವಾಗ್ದೇವಿ.
ಅಲ್ಲಿ ಗುಂಡಿ ಇಲ್ಲ ಕಣೇ ಎಂದರೆ ನಗುತ್ತಾಳೆ.
ನಿಜ ಅದಲ್ಲ.
ಅಲ್ಲಿ ನನ್ನ ಬೆನ್ನ ಹಿಂದೆ ಐವತ್ತು ಜೀವ ಕೂತಿರುವುದಿಲ್ಲ.

ಶಾಹಿಸ್ತಾ ಬೆರಳು ಮಡಿಸಿದಳು:
'ಎಲ್ಲದಕ್ಕೂ ತಳ ಒಂದೇ, ಲಿನಕ್ಸು. ಚಾಸಿಸ್ ಅನ್ಕೊಳ್ಳಿ,
ಬಾಡಿ ಕಟ್ಟೋರು ಬೇರೆ ಬೇರೆ.
ಆರ್ಚ್ ಅಂತಿದೆ, ನಟ್ಟು ಬೋಲ್ಟು ನೀವೇ ಜೋಡಿಸ್ಬೇಕು.
ಬಝೈಟ್ ಅಂತಿದೆ, ಆಟಕ್ಕೇ ಕಟ್ಟಿದ್ದು, ಹತ್ತಿ ಕೂತರೆ ಹೊರಡುತ್ತೆ,
ಬಾನೆಟ್ಟಿಗೆ ಮಾತ್ರ ಬೀಗ.
ಇನ್ನೊಂದು ಮಿಂಟ್...'
'ಪೆಪ್ಪರ್‌ಮಿಂಟಾ?'
'ಹೂಂ. ಸ್ಟೇರಿಂಗ್ ಇರೋ ಕಡೆ ಸ್ಟೇರಿಂಗ್, ಬ್ರೇಕ್ ಇರೋ ಕಡೆ ಬ್ರೇಕ್.
ಕೆಟ್ಟು ನಿಂತರೆ ತಳ್ಳೋಕೆ ನಾಲ್ಕು ಜನ ಸಿಗ್ತಾರೆ.'
'ದುಡ್ಡು?'
'ಅದಕ್ಕಿಲ್ಲ. ನನ್ನ ಕೈಗೆ ಇನ್ನೂರು ಕೊಡಿ.'

ಹೆಬ್ಬೆರಳುದ್ದದ ಪೆನ್‌ಡ್ರೈವ್ ಕೈಗಿಟ್ಟಳು.
ಡಿಸ್ಕು ಮುಟ್ಟದೆ, ಹಾಗೇ ಒಂದು ರೌಂಡು ಹೋಗಿ ಬನ್ನಿ,
ಒಗ್ಗದಿದ್ದರೆ ಕಿತ್ತುಬಿಡಿ.
ಹೊಸ ಗಾಡಿಗೆ ಹತ್ತಿಸುವ ಮೊದಲು
ಯಾವ ಮಾಲೀಕ ನನ್ನನ್ನು ಹೀಗೆ ಕೇಳಿದ್ದ?

ಭಾಷೆಗಳ ಪಟ್ಟಿ ಇಳಿಯುತ್ತಾ ಇಳಿಯುತ್ತಾ ಕನ್ನಡ ಸಿಕ್ಕಿತು. ಒತ್ತಿದೆ.
ಅರ್ಧ ಕನ್ನಡ, ಅರ್ಧ ಇಂಗ್ಲಿಷು,
ನಮ್ಮ ಬಸ್ಸಿನ ಟಿಕೆಟ್ಟಿನ ಹಾಗೆಯೇ.
ಆದರೆ ಲಾರಿ ತೆವಳಿತು,
ಕ್ಲಚ್ ಪ್ಲೇಟು ಸವೆದ ಗಾಡಿ ಘಾಟಿ ಹತ್ತಿದ ಹಾಗೆ.
ಫೋನು ಮಾಡಿದೆ.
'ಡ್ರೈವರ್ ಇಲ್ಲ ಅಣ್ಣಾ, ಅದಕ್ಕೆ.'
'ನಾನಿದ್ದೀನಲ್ಲಮ್ಮಾ!' ಬಾಯಿಗೆ ಬಂದೇಬಿಟ್ಟಿತು.
ಆ ಕಡೆ ಅವಳ ಅಂಗಡಿ ಪೂರಾ ನಕ್ಕಿತು.

ಒಂದು ಕಿಟಕಿ ತೆರೆಸಿದಳು. ಮೂರು ಹೆಸರು, ಬಾಲಕ್ಕೆ ನಂಬರು.
ಒಂದರ ಮುಂದೆ ಬರೆದಿತ್ತು,
'ಶಿಫಾರಸು ಮಾಡಿದೆ' ಎಂದು.
ಇಪ್ಪತ್ತೆರಡನೇ ವಯಸ್ಸಿಗೆ ನಾಲ್ಕು ಮಾಲೀಕರ ಗೇಟಿನಲ್ಲಿ ನಿಂತಾಗ
ನನ್ನ ಹೆಸರಿನ ಮುಂದೆ ಈ ಎರಡು ಪದ
ಬರೆಯುವವರು ಇರಲಿಲ್ಲ.
ಅದನ್ನೇ ಆರಿಸಿದೆ. ಆರಿಸಿ, ಮತ್ತೆ ಹೊತ್ತಿಸಿದರೆ
ರಸ್ತೆ ಎಣ್ಣೆ ಸವರಿದಂತೆ ಬಂತು.

ಒಂದು ಲೆಕ್ಕ ತಪ್ಪಿತು.
ಕಂಡಕ್ಟರ್ ಗಿಲ್ಬರ್ಟನ ಜೊತೆ ಭಾನುವಾರ ಆಡುತ್ತಿದ್ದ ಬಂದೂಕಿನ ಆಟ
ಇಲ್ಲಿ ಏಳಲೇ ಇಲ್ಲ.
ಮೋಸ ಹಿಡಿಯುವ ಕಾವಲುಗಾರನೊಬ್ಬ ಅದರೊಳಗಿದ್ದಾನಂತೆ,
ಈ ಮನೆಯವರನ್ನು ನಂಬುವುದಿಲ್ಲವಂತೆ.
ಶಾಹಿಸ್ತಾ ಮೊದಲೇ ಹೇಳಿದ್ದಳು,
ನಾನೇ ಪೆಪ್ಪರ್‌ಮಿಂಟಿನ ಗುಂಗಿನಲ್ಲಿದ್ದೆ.
ಗಿಲ್ಬರ್ಟ್ ಎರಡು ದಿನ ಮಾತಾಡಲಿಲ್ಲ.
ಸೀಟಿ ಊದಿದ, ಬೇಕಾದ್ದಕ್ಕಿಂತ ಜೋರಾಗಿ.

ಮೂರನೇ ರಾತ್ರಿ ಬಂದ, ಬೋಂಡದ ಪೊಟ್ಟಣ ಹಿಡಿದು.
ಸ್ಟೂಲು ಎಳೆದು ಎಡಕ್ಕೆ ಕೂತ.
'ಆ ದೇಶದಲ್ಲಿ ಡ್ರೈವರು ಎಡಕ್ಕೆ ಕಣೋ' ಅಂದೆ.
ಗೊಣಗಿ, ಬಲಕ್ಕೆ ಬಂದ.
ಹ್ಯಾಂಬರ್ಗಿನ ಗೋದಾಮು, ಲಾರಿ ಹಿಂದಕ್ಕೆ ತೆಗೆಯಬೇಕು.
ನಾನು ಕನ್ನಡಿ ಹುಡುಕುವ ಮೊದಲೇ
ಪಕ್ಕದಿಂದ, ಬೋಂಡ ತುಂಬಿದ ಬಾಯಲ್ಲಿ:
'ಬರ್ಲಿ... ಬರ್ಲಿ... ಬರ್ಲಿ... ಹೋಲ್ಡಾನ್!'

ಕಾಲು ತಾನಾಗಿ ಒತ್ತಿತು,
ಪೆಡಲ್ಲೇ ಇಲ್ಲದ ನೆಲವನ್ನು.