ಶಾಟ್ ಇನ್ನೂರ ಹನ್ನೊಂದು

ಬ್ರಿಸ್ಟಲ್ಲಿನ ಹಳೇ ತಂಬಾಕು ಗೋದಾಮಿನಲ್ಲಿ
ಕಪ್ಪು ಪರದೆ ಎಳೆದ ನಾಲ್ಕನೇ ಅಂಕಣ.
ಮೇಜಿನೆತ್ತರಕ್ಕೆ ಒಂದು ನದಿ, ಅದರ ದಡದಲ್ಲಿ
ಕೊಡೆ ರಿಪೇರಿಯ ಮುದಿ ನೀರುನಾಯಿ, ಟಾಲೋ,
ಮಲಗಿದ್ದಾನೆ. ಅವನನ್ನು ಸಾಯಿಸುವ ಕೆಲಸ
ಈ ವಾರ ನನ್ನ ಪಾಲಿಗೆ ಬಂದಿದೆ.

ಸೆಕೆಂಡಿಗೆ ಹನ್ನೆರಡು ಸಲ ಅವನ ಎದೆ ಮುಟ್ಟಬೇಕು.
ಒಳಗಿನ ತಿರುಪನ್ನು ಎಳ್ಳಷ್ಟು ಏರಿಸು, ಕೈ ತೆಗೆ, ಕ್ಲಿಕ್.
ಎಳ್ಳಷ್ಟು ಇಳಿಸು, ಕೈ ತೆಗೆ, ಕ್ಲಿಕ್.
ಒಂದು ಉಸಿರಿಗೆ ಒಂದು ಮಧ್ಯಾಹ್ನ.
ಎಳ್ಳಿನ ಲೆಕ್ಕ ಹ್ಯೂಗೆ ತಿಳಿಯದು,
ನಿರ್ದೇಶಕ, ಅವನದು ಮಿಲಿಮೀಟರು.

ಸಾಯಲೇಬೇಕಾ ಎಂದು ಕೇಳಿದ್ದೆ, ಹೋದ ಚಳಿಗಾಲ,
ಗೋಡೆ ತುಂಬ ಚಿತ್ರಗಳಿಗೆ ಪಿನ್ನು ಚುಚ್ಚಿದ ದಿನ.
ಹ್ಯೂ ಚಹಾದ ಮಗ್ಗನ್ನು ಆಚೆ ಸರಿಸಿದ:
ಅವನಿರುವ ತನಕ ವೆನ್ ಕೊಡೆ ಹೊರುತ್ತಾಳೆ ಅಷ್ಟೆ,
ಬಿಚ್ಚುವುದಿಲ್ಲ. ಅವನು ಹೋಗಬೇಕು,
ಆ ಪುಟ್ಟ ಇಲಿ ಒಬ್ಬಳೇ ಸೇತುವೆ ದಾಟಬೇಕು.
ಎಪ್ಪತ್ತೊಂದನೇ ನಿಮಿಷ. ಕತೆ ಕೇಳ್ತಿದೆ.

ಕತೆ ಕೇಳುತ್ತದಂತೆ, ಮಾರಿ ಕುರಿ ಕೇಳಿದ ಹಾಗೆ.
ಬಡಪಾಯಿ ಕತೆ. ಅದಕ್ಕೆ ಬಾಯಿ ಕೊಟ್ಟವರು ನಾವು,
ಕತ್ತಿ ಕೊಟ್ಟವರೂ.

ಮುಕುಂದ ಭಾವ ಹೋದದ್ದು ಸ್ವಿಂಡನ್ನಿನಲ್ಲಿ,
ಟೈರು ಅಂಗಡಿಯ ಎದುರು, ಒಂದು ಗುರುವಾರ.
ಎಷ್ಟನೇ ನಿಮಿಷವೆಂದು ಯಾರೂ ಬರೆದಿಟ್ಟಿರಲಿಲ್ಲ.
ಜೇಬಿನಲ್ಲಿ ಲೈಬ್ರರಿ ಕಾರ್ಡು,
ಅರ್ಧ ಪೊಟ್ಟಣ ಪೆಪ್ಪರ್‌ಮಿಂಟು.
ಆ ಸಾವಿನಿಂದ ಯಾರೂ ಯಾವ ಸೇತುವೆಯನ್ನೂ ದಾಟಲಿಲ್ಲ.
ಅಕ್ಕನಿಗೆ ಧೈರ್ಯ ಬರಲಿಲ್ಲ; ಕೌನ್ಸಿಲ್ಲಿಗೆ ಫೋನು ಮಾಡಿ
ಕಾಯುತ್ತ ಕೂರುವುದನ್ನು ಮಾತ್ರ ಕಲಿತಳು.
ಎಳ್ಳುನೀರು ಬಿಡಲು ಏವನ್ ನದಿಗೆ ಬಂದರೆ
ಇಳಿತದ ಹೊತ್ತು, ಬರೀ ಕೆಸರು.
ಎಳ್ಳು ಕೆಸರ ಮೇಲೆ ಹಾಗೇ ಕೂತಿತ್ತು, ಕಪ್ಪಗೆ,
ಬೇಕೆಂದರೆ ಎಣಿಸಬಹುದಿತ್ತು.

ಬುಧವಾರ ಸಂಜೆ ಐದೂ ಮುಕ್ಕಾಲಿಗೆ ಟಾಲೋ ಹೋದ.
ಹೋದ ಮೇಲೂ ಮೂವತ್ತಾರು ಫ್ರೇಮು ಅಲ್ಲೇ ಇರಬೇಕು.
ಪೂರ್ತಿ ಸ್ತಬ್ಧವಾದರೆ ಕ್ಯಾಮೆರಾ ಕೆಟ್ಟಿತು ಅನ್ನುತ್ತಾರೆ ಜನ;
ಅದಕ್ಕೇ ಅವನನ್ನು ಬಿಟ್ಟು ಹುಲ್ಲನ್ನು ಅಲುಗಿಸಿದೆ,
ಒಂದೊಂದೇ ಗರಿ. ಮೀಸೆಯನ್ನು ಮುಟ್ಟಲಿಲ್ಲ.
ಮುಟ್ಟದೆ ಇರುವುದಕ್ಕೆ
ಇಷ್ಟೊಂದು ಕೈ ಬೇಕೆಂದು ಗೊತ್ತಿರಲಿಲ್ಲ.

ಶುಕ್ರವಾರ ಅದೇ ಮೇಜಿನ ಮೇಲೆ, ಶಾಟ್ ನಲವತ್ತು:
ಟಾಲೋ ಕೆಟಲ್ ಇಡುತ್ತಾನೆ, ಸಿಡುಕುತ್ತಾನೆ,
ಕೊಡೆಯ ಕಡ್ಡಿಯಿಂದ ಬೆನ್ನು ತುರಿಸಿಕೊಳ್ಳುತ್ತಾನೆ.
ನಮ್ಮಲ್ಲಿ ಕತೆ ಶೂಟಾಗುವುದೇ ಹಿಂದುಮುಂದಾಗಿ.
ಬಟ್ಟೆ ಹೊಲಿಯುವ ಡಿಲಿಸ್ ಬಂದು, 'ಎದ್ದನಾ ಮುದುಕ?' ಅಂದಳು,
ಅವನ ಕೋಟಿಗೆ ಹತ್ತಿದ್ದ ಬುಧವಾರದ ಹುಲ್ಲಿನ ಚೂರನ್ನು
ಇಕ್ಕಳದಲ್ಲಿ ತೆಗೆದಳು.
ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.
ಅಕ್ಕನಿಗೆ ಫೋನು ಮಾಡಿ ಹೇಳಬೇಕೆನಿಸಿತು. ಏನಂತ?

ಮಾರ್ಚಿನಲ್ಲಿ ಕೇನ್ಶಮ್ಮಿನ ಶಾಲೆಯೊಂದರ ಮಕ್ಕಳಿಗೆ
ಅರೆಬರೆ ಚಿತ್ರ ತೋರಿಸಿದೆವು. ಎಪ್ಪತ್ತೊಂದನೇ ನಿಮಿಷಕ್ಕೆ
ಯಾರೋ ಮೂಗೇರಿಸಿದ್ದು ಬಿಟ್ಟರೆ ಸದ್ದಿಲ್ಲ.
ಹ್ಯೂ ನನ್ನ ಮೊಣಕೈ ತಿವಿದ: ಕೆಲಸ ಮಾಡ್ತಿದೆ, ನೋಡು.
ದೀಪ ಹತ್ತಿದ ಮೇಲೆ ಹಲ್ಲು ಬಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು.
ವೆನ್ ಬಗ್ಗೆ ಕೇಳಲಿಲ್ಲ, ಸೇತುವೆ ಬಗ್ಗೆಯೂ.
'ರಿಪೇರಿಗೆ ಬಂದಿದ್ವಲ್ಲ, ಮಿಕ್ಕ ಕೊಡೆಗಳು, ಅವೇನಾದ್ವು?
ಕಪ್ಪೆಯದು ಕೆಂಪು ಕೊಡೆ. ದುಡ್ಡು ಮೊದಲೇ ಕೊಟ್ಟಿತ್ತು.'
ಹ್ಯೂ ಬರೆದುಕೊಂಡ. ಉತ್ತರ ಯಾರ ಬಳಿಯೂ ಇರಲಿಲ್ಲ.

ಕತೆಗೆ ಸಲ್ಲುತ್ತದೆ ಸಾವು, ಹ್ಯೂ, ಒಪ್ಪಿದೆ,
ನಿನ್ನ ಸೇತುವೆ ನಿಂತಿರುವುದೇ ಅವನ ಬೆನ್ನ ಮೇಲೆ.
ಆದರೂ ಕೊನೆಯ ದೃಶ್ಯದ ಹಿಂದುಗಡೆ, ಎಡ ಮೂಲೆಯಲ್ಲಿ,
ನಿನ್ನನ್ನು ಕೇಳದೆ ಕಪ್ಪೆಯೊಂದನ್ನು ನಿಲ್ಲಿಸಿದ್ದೇನೆ,
ಮುಚ್ಚಿದ ಅಂಗಡಿಯ ಎದುರು, ಚೀಟಿ ಹಿಡಿದು.
ನಾಲ್ಕೇ ಸೆಕೆಂಡು. ಎಲ್ಲರೂ ವೆನ್ನಳನ್ನು ನೋಡುತ್ತಿರುತ್ತಾರೆ.
ಸೆಕೆಂಡಿಗೆ ಹನ್ನೆರಡು ಸಲ
ಅದರ ಗಂಟಲು ಮುಟ್ಟುತ್ತೇನೆ,
ಎಳ್ಳಷ್ಟು.