ನೆಲೆ

ಮೂವತ್ತು ವರ್ಷ ಈ ಹೊಳೆಯಲ್ಲಿ ನಿಂತಿದ್ದೇನೆ,
ಬರೀ ನಿಂತಿದ್ದೇನೆ.
ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ,
ಅಮಾಸೆಯ ಇಳಿತದಲ್ಲಿ ದೂರ ಹೋದರೆ ಗಲ್ಲಕ್ಕೆ.
ಬೆಳಚು ಇದೆಯೋ ಇಲ್ಲವೋ ಅಂಗಾಲಿಗೆ ಗೊತ್ತು,
ಕಣ್ಣಿಗೆ ಆ ಕೆಲಸ ಯಾವತ್ತೂ ಕೊಟ್ಟಿಲ್ಲ.
ಸೊಂಟದ ಹಗ್ಗಕ್ಕೆ ಕಟ್ಟಿದ ಅಲ್ಯುಮಿನಿಯಂ ಬೋಗುಣಿ
ಸಾಕಿದ ನಾಯಿಯ ಹಾಗೆ ಹಿಂದೆ ಹಿಂದೆ ಬರುತ್ತಿತ್ತು.
ಅದು ತೇಲುತ್ತಿತ್ತು. ನಾನಲ್ಲ.

ಐಗಳಕುರ್ವೆಯಲ್ಲಿ ನನ್ನ ಅಣ್ಣಂದಿರು
ಹಾಲುಹಲ್ಲು ಬೀಳುವ ಮೊದಲೇ ಧಕ್ಕೆಯಿಂದ ಹಾರಿದವರು.
ನನಗೆ ಹೇಳಿದ್ದು ಒಂದೇ ಮಾತು:
ನೆಲೆ ಸಿಗುವಲ್ಲಿ ಇರು.
ದೋಣಿ ಹತ್ತಿಸಿ ಮಾಸೂರಿಗೆ ಗಂಡನ ಮನೆಗೆ ಕಳಿಸುವಾಗಲೂ
ಅದನ್ನೇ ಹೇಳಿದರು.

ಹೋದ ವರ್ಷ ಚೌತಿ ಕಳೆದ ಮೇಲೆ
ದಿನಾ ಕಾಲಿಡುವಲ್ಲೇ ಕಾಲಿಟ್ಟೆ.
ತಳ ಇರಲಿಲ್ಲ.
ರಾತ್ರಿ ಮರಳು ತೆಗೆಯುವವರು ಬಿಟ್ಟುಹೋದ ಹೊಂಡ.
ಬೋಗುಣಿ ತಬ್ಬಿಕೊಂಡೆ, ಮಗುಚಿತು,
ಅರ್ಧ ದಿನದ ಬೆಳಚು ಹೊಳೆಗೇ ವಾಪಸು.
ಬೀರಿ ದೋಣಿಯ ಗಳ ಚಾಚಿದಳು.
ದಡದಲ್ಲಿ ಕೂತು ಕೆಮ್ಮುವಾಗ
ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು:
ಇಷ್ಟು ವರ್ಷ ಒಟ್ಟಿಗಿದ್ದೂ ಇದೊಂದನ್ನು ಕಲಿತಿಲ್ಲವಲ್ಲ.

ಕುಮಟೆಯ ಅಂಗಡಿಯಲ್ಲಿ ಕರಿ ಲೆಗ್ಗಿಂಗ್ಸ್ ಕೇಳಿದೆ.
"ಯಾರಿಗಕ್ಕ?" ಎಂದ ಹುಡುಗ.
ಮಗಳಿಗೆ ಎಂದೆ.
ನನಗಿರುವುದು ಇಬ್ಬರು ಗಂಡು.
ಆ ಇಲ್ಲದ ಮಗಳನ್ನು ಬಸ್ಸಿನಲ್ಲಿ
ತೊಡೆಯ ಮೇಲಿಟ್ಟುಕೊಂಡು ಬಂದೆ.

ಕಲಿಸುವವಳು ಪಕ್ಕದ ಮನೆಯ ಸಿಂಚನಾ, ಆರನೇ ಇಯತ್ತೆ.
ಫೀಸು ವಾರಕ್ಕೊಂದು ಕಟ್ಟು ಶೇಂಗಾ ಚಿಕ್ಕಿ.
ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ, ಥೇಟು ಅವಳ ಅಕ್ಕೋರು:
"ದೊಡ್ಡಾಯಿ, ನೀರ ಸಂತಿಗೆ ಜಗಳ ಎಂತಕ್ಕೆ? ಮೈ ಬಿಡು."

ಕೈ ಬಿಟ್ಟದ್ದು ಬೇಕಾದಷ್ಟಿದೆ.
ಏಳನೇ ಇಯತ್ತೆ, ಸೊಸೈಟಿಯಲ್ಲಿಟ್ಟ ಬುಗುಡಿ,
ತವರಿನ ಹಿತ್ತಿಲ ಪಾಲು.
ಮೈ ಬಿಡುವುದು ಹೇಗೆ ಎಂದು ಯಾರನ್ನು ಕೇಳಲಿ?
ಐವತ್ತಕ್ಕೆ ಎರಡು ಕಡಿಮೆ ನನಗೆ,
ಮಲಗಿದರೂ ಬೆನ್ನು ಬಗ್ಗಿಯೇ ಇರುತ್ತದೆ.

"ಒಲಿಂಪಿಕ್ಕಿಗೆ ತಯಾರಿಯೋ?"
ಧಕ್ಕೆಯ ಮೇಲೆ ಬಲೆ ಹೊಲಿಯುವ ಗೋಯ್ದ ನಕ್ಕ.
ಅತ್ತೆ ಮಳ್ಳು ಎಂದರು,
ಮುಟ್ಟು ನಿಲ್ಲುವ ಹೊತ್ತಿಗೆ ಹೀಗೆಲ್ಲ ತಲೆಗೇರುತ್ತದಂತೆ.
ಮರುದಿನ ಮೆಟ್ಟಿಲ ಮೇಲೆ ಎರಡು ಒಣಕಾಯಿ,
ಸಿಪ್ಪೆಯ ಜುಂಗು ಎಳೆದು ಒಂದಕ್ಕೊಂದು ಬಿಗಿದದ್ದು,
ನಡುವೆ ಎದೆ ಹಿಡಿಯುವಷ್ಟೇ ಅಂತರ.
ಈ ಗಂಟು ಎಲ್ಲಿ ಕಲಿತಿರಿ ಎಂದು ನಾನು ಕೇಳಲಿಲ್ಲ.
ಅವರು ಮೊರದಿಂದ ತಲೆಯೆತ್ತಲಿಲ್ಲ.

ಅಷ್ಟಮಿಯ ನೀರು.
ಭರತವೂ ಅಲ್ಲದ ಇಳಿತವೂ ಅಲ್ಲದ ಗಳಿಗೆ.
ಕಾಯಿ ಆಚೆ ತಳ್ಳಿದೆ,
ಅಂಗಾತ ಬಿದ್ದೆ.
ಕಿವಿಗೆ ನೀರು ಬಂತು, ಊರು ನಂದಿತು.
ಎದೆಯೊಳಗೆ ಯಾರೋ ಅವಲಕ್ಕಿ ಕುಟ್ಟುತ್ತಿದ್ದರು.
ಮೇಲೆ ಇಷ್ಟೊಂದು ಜಾಗ ಖಾಲಿ ಬಿದ್ದಿದೆ ಎಂದು
ಯಾರೂ ಹೇಳಿರಲಿಲ್ಲ.
ಗರುಡವೊಂದು ಒಂದು ಸುತ್ತು ಹಾಕಿ
ಮೀನೇನೋ ಎಂದು ನೋಡಿ
ಬೇಡವೆಂದು ಹೋಯಿತು.
ಅಂಗಾಲುಗಳಿಗೆ ಏನು ಮಾಡಬೇಕೆಂದು ತಿಳಿಯದೆ
ಸುಮ್ಮನೆ ಒಂದನ್ನೊಂದು ಮುಟ್ಟಿ ನೋಡಿಕೊಂಡವು.
ಸಿಂಚನಾ ಎಣಿಸುತ್ತಿದ್ದಳು.
ಹದಿನೇಳಕ್ಕೆ ಮುಳುಗಿದೆ.

ರಾತ್ರಿ ಮಲ್ಪೆಯ ಬೋಟಿನಿಂದ ಅವರ ಫೋನು.
ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಇಂಜಿನ್ನು.
"ಈಜು ಬಂದ್ರೆ ಸಾಯೂದು ಸ್ವಲ್ಪ ತಡ, ಅಷ್ಟೇಯ."
ಇಪ್ಪತ್ತಾರು ವರ್ಷ ಕಡಲ ಮೇಲಿದ್ದಾರೆ,
ಅವರಿಗೂ ಬರುವುದಿಲ್ಲ ಎಂದು ಗೊತ್ತಾದದ್ದು ಈಗ.
"ಬಂದಾಗ ಕಲಿಸ್ತೆ" ಎಂದೆ,
"ವಾರಕ್ಕೊಂದು ಕಟ್ಟು ಚಿಕ್ಕಿ."

ಆಮೇಲೆ ಅಂಗಳದಲ್ಲಿ ಒಂಟಿಕಾಲಲ್ಲಿ ಕುಪ್ಪಳಿಸುತ್ತ
ತಲೆ ವಾರೆ ಮಾಡಿ ಬಡಿದುಕೊಂಡೆ.
ಬಲಗಿವಿಯ ಹೊಳೆ ಇನ್ನೂ ಇಳಿದಿಲ್ಲ.