ತಳದ ಬ್ಯಾಳಿ

ಗಿಣಿಗೇರಿ ಹಾದಿ ಮ್ಯಾಲಿನ ನಮ್ಮ ಸಾಲ್ಯಾಗ
ಅಡಗಿ ಮಾಡಾಕ ಹತ್ತಿ ಹನ್ನೊಂದು ವರ್ಸ ಆತು ನನಗ.
ಕಾರ್ಖಾನಿ ಕರಿ ಧೂಳು ರಾತ್ರಿ ಇಳಿದು
ಕಟ್ಟಿ ಮ್ಯಾಲ ಕೂತಿರತದ.
ಮುಂಜಾನೆ ಬಂದ ಹುಡುಗೂರು
ಅದರಾಗ ಬೆರಳಾಡಿಸಿ ಮೀನು ಬರೀತಾರ,
ಆಮ್ಯಾಲ ಅಂಗಿಗೆ ಒರಿಸಿಕೋತಾರ.

ಹೋದ ವರ್ಸ ತನಕ ಇದ್ದ ಮಾಸ್ತರ
ಮೇಜಿಗೆ ಕೋಲು ಬಡದೇ ಮಾತು ಸುರು ಮಾಡವ.
ಬಿಡುವಿನ್ಯಾಗ ಹುಡುಗೂರು ಸಾಲಿ ಆಟ ಆಡಿದ್ರ
ಯಮನೂರ ಮೊದಲು ಹುಡುಕೂದು ಜಾಲಿ ಕಡ್ಡಿ,
ಆಮ್ಯಾಲ, ಹೊಡಿಸಿಕೊಳ್ಳಾವನ್ನ.

ಈ ವರ್ಸ ಬಂದ ಖೈರುನ್ನಿಸಾ ಟೀಚರು
ಒಂದಿನ ಎರಡನೇತ್ತಿ ಬೋರ್ಡಿನ ಮ್ಯಾಲ
ಒಂಬತ್ತಕ್ಕ ಆರು ಕೂಡಿಸಿ ಹದಿನಾಲ್ಕು ಬರದು,
ನಿಂತು, ನೋಡಿ,
"ಅಯ್ಯ, ನಂದು ತಪ್ಪಾತು" ಅಂತ ಅಳಿಸಿದ್ರು.
ಕ್ಲಾಸಿಗೆ ಕ್ಲಾಸೇ ಬಾಯಿ ತಕ್ಕೊಂಡು ಕೂತಿತ್ತು.
ದೊಡ್ಡೋರೂ ಅಳಸ್ತಾರ?

ಸಂಕ್ರಮಣ ದಾಟೂದ್ರಾಗ
ಯಮನೂರನ ಆಟದ ಸಾಲ್ಯಾಗ ಕಡ್ಡಿ ಇರಲಿಲ್ಲ.
ಬೇಕಂತಲೇ ತಪ್ಪು ಬರದು
ಮೊಣಕೈಲೆ ಅಳಿಸವ, ಜಂಬದಿಂದ.
ನಾನು ನಕ್ಕೆ. ಕಲಿಸೋರು ಅವರು,
ನಂದೇನು, ಬೇಯಿಸೂದು, ಬಡಿಸೂದು.

ಅವತ್ತು ಬಾದಾಮಿ ಗಿಡದ ಬುಡಕ
ದ್ಯಾಮಕ್ಕ ನಾನಾಗಿದ್ಲು.
ಸೆರಗಿನ ಬದಲು ಕರ್ಚೀಫು ಸೊಂಟಕ್ಕ ಸಿಗಿಸಿ,
ತೆಂಗಿನ ಚಿಪ್ಪೇ ಸೌಟು, ಕೆಸರ ನೀರೇ ಸಾರು.
ಗೌಡ್ರ ಮೊಮ್ಮಗನ ಎಲಿಗೆ
ತಳಕ್ಕ ಕೈ ಇಳಿಸಿ ಗಟ್ಟೀದು ಎತ್ತಿದ್ಲು.
ಓಣಿ ಕಡೀ ಮನಿ ಹುಲುಗಪ್ಪಗ ಮ್ಯಾಲಿನ ತಿಳಿ,
ಎತ್ತರದಿಂದ, ಎಲಿ ಮುಟ್ಟದಂಗ,
"ಹೂಂ, ಮುಂದ ನಡಿ."
ದನಿ ನಂದೇ. ಹಣಿ ಗಂಟೂ ನಂದೇ.

ಹಿಂಗ ಮಾಡು ಅಂತ ಯಾರೂ ನನಗ ಹೇಳಿದ್ದಿಲ್ಲ.
ನಮ್ಮವ್ವನ ಕೈಯಿಂದ ನನ್ನ ಕೈಗೆ
ಸೌಟಿನ ಜೋಡಿನೇ ಬಂದಿತ್ತೇನೋ.
ಹುಲುಗಪ್ಪ ಎಲಿ ಹಿಡಕೊಂಡು ಸುಮ್ಮನ ಮುಂದ ನಡದ.
ಆಟದಾಗೂ ಅವ ಕೇಳಲಿಲ್ಲ.

ಮರುದಿನ ಸಾರಿನ ಬೋಗಾಣಿಯೊಳಗ
ಸೌಟು ತಳಕ್ಕ ಮುಟ್ಟಿಸಿ ತಿರುವಿದೆ,
ಒಂದೊಂದು ಗಂಗಾಳಕ್ಕೂ ಒಂದೊಂದು ಸಲ.
ನೂರಾ ಹದಿನೇಳು ಗಂಗಾಳ. ರಟ್ಟಿ ಬಿದ್ದು ಹೋತು.
ಹುಲುಗಪ್ಪನ ಮುಂದ ಬಗ್ಗಿದೆ,
ಗಂಗಾಳದಂಚಿಗೆ ಸೌಟು ತಾಗೂವಂಗ.
ಅವ ಬ್ಯಾಳಿ ನೋಡಿದ, ನನ್ನ ನೋಡಿದ,
ತಪ್ಪಿ ಹಾಕೀನೇನೋ ಅಂತ
ಗಂಗಾಳಕ್ಕ ಕೈ ಮುಚ್ಚಿಕೊಂಡು ಓಡಿದ.

ಹಿಂದ ಪಾಳ್ಯಾಗ ದ್ಯಾಮಕ್ಕ ನಿಂತಿದ್ಲು.
ನನ್ನ ಮಾರಿ ಅಲ್ಲ,
ಕೈ ನೋಡಕೋತ.